ಆರು ದಿನಕ್ಕೊಂದು ‘ಇವತ್ತು’

ಆನ್ ಕವಾರಾನ ಚಿತ್ರಗಳನ್ನ ಮೊದಲ ಸಲ ನೋಡಿದಾಗ ನಂಗೆ ನಗು ಬಂದಿತ್ತು.

ಆಫೀಸಿನ ಕೆಲಸದ ಮೇಲೆ ಆರು ವಾರ ನ್ಯೂಜೆರ್ಸಿಯಲ್ಲಿ ಇದ್ದಾಗಿನ ಮಾತು. ಒಂದು ಶನಿವಾರ ನಾನೂ ನನ್ನ ಟೀಮಿನ ಇನ್ನೊಬ್ಬಳೂ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ರೈಲು ಹತ್ತಿ, ಹಡ್ಸನ್ ನದಿಯ ಪಕ್ಕದಲ್ಲೇ ಸಾಗಿ, ಬೀಕನ್ ಅನ್ನೋ ಸಣ್ಣ ಊರಲ್ಲಿ ಇಳಿದ್ವಿ. ಅಲ್ಲಿ ‘ಡಿಯಾ ಬೀಕನ್’ ಅಂತ ಒಂದು ಮ್ಯೂಸಿಯಂ ಇದೆ. ನಬಿಸ್ಕೊ ಬಿಸ್ಕತ್ ಕಂಪನಿಯ ಡಬ್ಬಿಗಳು ಪ್ರಿಂಟ್ ಆಗ್ತಿದ್ದ ಹಳೇ ಕಾರ್ಖಾನೆ ಅದು, 2003ರಲ್ಲಿ ಮ್ಯೂಸಿಯಂ ಆಯ್ತು. ದೊಡ್ಡ ದೊಡ್ಡ ಹಾಲ್‌ಗಳು, ಧಾರಾಳ ಬೆಳಕು. ಒಂದು ಕಡೆ ಗೋಡೆಯುದ್ದಕ್ಕೂ ಸಾಲಾಗಿ ಕ್ಯಾನ್ವಾಸ್‌ಗಳು. ಕಡು ಬಣ್ಣದ ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದು ತಾರೀಖು. ಅದರ ಪಕ್ಕದ್ದರಲ್ಲೂ ಒಂದು ತಾರೀಖು. ಅದರ ಪಕ್ಕದ್ದರಲ್ಲೂ. ಬೇರೇನೂ ಇಲ್ಲ.

“ಇದಕ್ಕೆ ದುಡ್ಡು ಕೊಟ್ಟು ಬಂದ್ವಾ? ನಮ್ಮನೆ ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ ಆದ್ರೂ ಇರುತ್ತಲ್ಲೇ” ಅಂದಳು ಗೆಳತಿ. ನಾನು ಜೋರಾಗೇ ನಕ್ಕೆ. ಒಂದು ಫೋಟೋ ಕೂಡ ತೆಗೀಲಿಲ್ಲ. ಪಕ್ಕದ ಹಾಲ್‌ನಲ್ಲಿದ್ದ ಬೇರೆ ಯಾರದ್ದೋ ದೊಡ್ಡ ಕೆಲಸದ ಮುಂದೆ ಸೆಲ್ಫಿ ತೆಗೆದುಕೊಂಡು ವಾಪಸ್ ಬಂದ್ವಿ.

ಆ ತಾರೀಖುಗಳ ಬಗ್ಗೆ ಮತ್ತೆ ಯೋಚನೆ ಮಾಡೋ ಹಾಗಾಗಿದ್ದು ಎರಡು ವರ್ಷದ ನಂತರ. ಅದಕ್ಕೆ ಕಾರಣ ಕಲೆಯ ಮೇಲಿನ ಪ್ರೀತಿಯಲ್ಲ, ನಾಚಿಕೆ. ಅದನ್ನ ಮೊದಲು ಹೇಳಿಬಿಡ್ತೀನಿ.

ನಾನು ಯುಐ ಡಿಸೈನರ್. ದಿನಕ್ಕೆ ಹತ್ತು ಗಂಟೆ ಬಟನ್‌ಗಳ ಬಣ್ಣ, ಅಂಚು, ನೆರಳು ಸರಿ ಮಾಡೋ ಕೆಲಸ. ಚಿಕ್ಕಂದಿನಿಂದ ಚಿತ್ರ ಬರೀತಿದ್ದವಳು, ಅದಕ್ಕೇ ಈ ಕೆಲಸಕ್ಕೆ ಬಂದವಳು. ಕೆಲಸಕ್ಕೆ ಸೇರಿ ಏಳನೇ ವರ್ಷಕ್ಕೆ ಚಿತ್ರ ಬರೆಯೋದು ನಿಂತೇ ಹೋಯ್ತು. ಕೈ ಮರೆತಿರಲಿಲ್ಲ. ಹಾಳೆ ಮುಂದೆ ಕೂತರೆ ‘ಇದನ್ನ ಬರೆದು ಏನಾಗಬೇಕು’ ಅನ್ನೋ ಒಂದು ದನಿ ಮೊದಲೇ ಬಂದು ಕೂತಿರ್ತಿತ್ತು. ಬರೆದರೆ ಚೆನ್ನಾಗಿರಬೇಕು, ಚೆನ್ನಾಗಿದ್ದರೆ ಪೋರ್ಟ್‌ಫೋಲಿಯೋಗೆ ಹೋಗಬೇಕು, ಪೋರ್ಟ್‌ಫೋಲಿಯೋಗೆ ಹೋಗೋದಾದರೆ ಒಂದು ಸೀರೀಸ್ ಆಗಬೇಕು... ಪೆನ್ಸಿಲ್ ಚೂಪು ಮಾಡೋ ಹೊತ್ತಿಗೇ ಸುಸ್ತು. ನಿಮ್ಮಲ್ಲಿ ಕೆಲವರಿಗೆ ಈ ದನಿಯ ಪರಿಚಯ ಇರಬಹುದು. ಹಾಡೋರಿಗೆ, ಬರೆಯೋರಿಗೆ, ವಾರಾಂತ್ಯದಲ್ಲಿ ನಾಟಕ ಮಾಡೋರಿಗೆಲ್ಲ ಅದು ಬೇರೆ ಬೇರೆ ಭಾಷೆಯಲ್ಲಿ ಇದನ್ನೇ ಹೇಳುತ್ತೆ.

ಎಲ್ಲರೂ ಕೊಡೋ ಔಷಧಿ ಒಂದೇ: ದಿನಾ ಸ್ವಲ್ಪ ಮಾಡು. ನೂರು ದಿನ, ದಿನಕ್ಕೊಂದು ಚಿತ್ರ, ಪೋಸ್ಟ್ ಮಾಡು, ಬಿಡಬೇಡ. ಶುರು ಮಾಡಿದೆ. ಸುಳ್ಳು ಹೇಳಲ್ಲ, ಮೊದಲ ಒಂದು ತಿಂಗಳು ಅದು ನಿಜವಾಗಿ ಕೆಲಸ ಮಾಡ್ತು. ಪೋಸ್ಟ್‌ಕಾರ್ಡ್ ಅಳತೆಯ ಕಾಗದ, ಒಂದು ಬಾಲ್ ಪೆನ್, ಹದಿನೈದು ನಿಮಿಷ. ಮಿಕ್ಸಿ ಜಾರು. ಟ್ರಾನ್ಸ್‌ಫಾರ್ಮರ್ ಮೇಲೆ ಕೂತ ಕಾಗೆ. ಮೆಟ್ರೋದಲ್ಲಿ ಎದುರು ನಿದ್ದೆ ಹೋದವರ ಕೈ. ಅಷ್ಟು ಸಣ್ಣ ಕಾಗದಕ್ಕೆ ‘ಏನಾಗಬೇಕು’ ಅಂತ ಕೇಳೋಕೆ ಆ ದನಿಗೂ ಮುಜುಗರ ಆಗ್ತಿತ್ತೋ ಏನೋ, ಸುಮ್ಮನಿತ್ತು. ಕೆಟ್ಟ ಚಿತ್ರಗಳೇ ಹೆಚ್ಚು. ಆದರೆ ಕೆಟ್ಟ ಚಿತ್ರಕ್ಕೂ ಮಾರನೇ ದಿನ ಅಂತ ಒಂದಿತ್ತು.

ಮೂವತ್ತು ದಾಟಿದ ಮೇಲೆ ಏನೋ ಬದಲಾಯ್ತು. ‘ಇವತ್ತು ಏನು ನೋಡಿದೆ’ ಹೋಗಿ ‘ಇವತ್ತು ಎಷ್ಟನೇ ದಿನ’ ಬಂತು. ನಲವತ್ತೊಂದನೇ ದಿನ ಊರಿಂದ ಫೋನು. ಅಪ್ಪನನ್ನ ಅರಸೀಕೆರೆಯಿಂದ ಹಾಸನಕ್ಕೆ ಕರಕೊಂಡು ಹೋಗಿ ಐಸಿಯುಗೆ ಹಾಕಿದ್ದರು. ರಾತ್ರಿ ಬಸ್ಸಿಗೆ ಹೊರಟೆ, ಬ್ಯಾಗಲ್ಲಿ ಕಾರ್ಡು ಪೆನ್ನು ಇಟ್ಟುಕೊಂಡೇ. ನಲವತ್ತಾರನೇ ದಿನದ ಚಿತ್ರ ಐಸಿಯು ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳದ್ದು. ರಾತ್ರಿ ಹನ್ನೊಂದೂವರೆಗೆ ಬೆಂಚ್ ಮೇಲೆ ಕೂತು ಬರೆದು, ಫೋಟೋ ತೆಗೆದು, ಬ್ರೈಟ್‌ನೆಸ್ ಸರಿ ಮಾಡಿ ಹಾಕಿದೆ. ಆ ನೂರು ದಿನದಲ್ಲಿ ಅದಕ್ಕೆ ಬಂದಷ್ಟು ಲೈಕ್ ಬೇರೆ ಯಾವುದಕ್ಕೂ ಬರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಏನು ಮಾಡ್ತಿದೀಯ ಅಂತ ಕೇಳಲಿಲ್ಲ, ನೋಡಿದಳು ಅಷ್ಟೆ. ಬೆಳಗಿನ ಜಾವ ಅಪ್ಪ ಹೋದರು.

ಒಳ್ಳೆಯ ಚಿತ್ರ ಅದು. ಅದೇ ಕಷ್ಟ. ಆದರೆ ನಾನು ಅದನ್ನ ಬರೆದದ್ದು ಚಪ್ಪಲಿಗಳನ್ನ ನೋಡಿ ಅಲ್ಲ, ಹನ್ನೆರಡು ಗಂಟೆ ಆಗುತ್ತೆ ಅಂತ ಹೆದರಿ.

ನಲವತ್ತೇಳನೇ ದಿನ ಬರೆಯಲಿಲ್ಲ. ಆಮೇಲೆ ಎಂಟು ತಿಂಗಳು ಏನೂ ಬರೆಯಲಿಲ್ಲ. ಯಾಕೆಂದರೆ ನಲವತ್ತೆಂಟು ಅನ್ನೋದೇ ಇರಲಿಲ್ಲ. ಸರಪಳಿ ತುಂಡಾದ ಮೇಲೆ ಮತ್ತೆ ಒಂದರಿಂದಲೇ ಶುರು ಮಾಡಬೇಕು ಅನ್ನೋದು ಆ ಆಟದ ನಿಯಮ.

ಆ ಎಂಟು ತಿಂಗಳಲ್ಲಿ ಯಾವತ್ತೋ ಒಂದು ರಾತ್ರಿ ಕವಾರಾನ ಬಗ್ಗೆ ಓದೋಕೆ ಶುರು ಮಾಡಿದೆ. ಹನ್ನೆರಡು ಗಂಟೆಯ ಭಯ ಅವನಿಗೂ ಇತ್ತು ಅಂತ ಎಲ್ಲೋ ಓದಿದ್ದು ನೆನಪಾಗಿ.

ಕವಾರಾ ಜಪಾನಿನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ನೆಲೆಸಿದವನು. 1966ರ ಜನವರಿ 4ರಂದು ‘ಟುಡೇ’ ಸರಣಿಯ ಮೊದಲ ಚಿತ್ರ ಬರೆದ. 2014ರಲ್ಲಿ ತೀರಿಕೊಳ್ಳೋವರೆಗೂ ಸರಣಿ ಅದೇ. ಪ್ರತಿ ಚಿತ್ರದಲ್ಲೂ ಅದನ್ನ ಬರೆದ ದಿನದ ತಾರೀಖು ಮಾತ್ರ. ಯಾವ ದೇಶದಲ್ಲಿದ್ದಾನೋ ಆ ದೇಶದ ಭಾಷೆಯಲ್ಲಿ, ಅಲ್ಲಿಯ ಲಿಪಿ ರೋಮನ್ ಅಲ್ಲದಿದ್ದರೆ ಎಸ್ಪೆರಾಂಟೋದಲ್ಲಿ. ನೂರಕ್ಕೂ ಹೆಚ್ಚು ಊರುಗಳಲ್ಲಿ ಬರೆದಿದ್ದಾನೆ. ಹಿನ್ನೆಲೆಯ ಬಣ್ಣವನ್ನ ಪದರ ಪದರವಾಗಿ ಬಳಿದು, ಒಣಗಿಸಿ, ಅಕ್ಷರಗಳನ್ನ ಅಚ್ಚು ಇಟ್ಟು ಬರೆಯದೆ ಕೈಯಲ್ಲೇ ಬಿಡಿಸಿ, ಬಿಳಿ ತುಂಬೋದು. ದೂರದಿಂದ ಪ್ರಿಂಟ್ ಥರ ಕಾಣೋದು ಹತ್ತಿರದಲ್ಲಿ ಪ್ರಿಂಟ್ ಅಲ್ಲ. ದಿನದ ಬಹುಭಾಗ ಬೇಕು ಅದಕ್ಕೆ. ಮಧ್ಯರಾತ್ರಿಯೊಳಗೆ ಮುಗಿಯಲಿಲ್ಲ ಅಂದರೆ ಚಿತ್ರ ನಾಶ ಮಾಡ್ತಿದ್ದ. ಮುಗಿದರೆ ಕೈಯಾರೆ ಮಾಡಿದ ಒಂದು ರಟ್ಟಿನ ಡಬ್ಬಿ, ಎಷ್ಟೋ ಸಲ ಅದರೊಳಗೆ ಆ ಊರಿನ ಆವತ್ತಿನ ಪೇಪರಿನ ಒಂದು ತುಂಡು. ಬಿಸ್ಕತ್ ಡಬ್ಬಿ ಪ್ರಿಂಟ್ ಮಾಡ್ತಿದ್ದ ಕಾರ್ಖಾನೆಯಲ್ಲಿ ನಿಂತು ನಾನು ನಕ್ಕಿದ್ದು ಇದಕ್ಕೆ.

ನೋಡಿ, ಇಷ್ಟು ಹೇಳಿದರೆ ಕವಾರಾ ನೂರು ದಿನದ ಚಾಲೆಂಜಿನ ಮೂಲಪುರುಷನ ಹಾಗೆ ಕಾಣ್ತಾನೆ. ಹಾಗೆ ಹೇಳೋರೂ ಇದ್ದಾರೆ: ‘ನಲವತ್ತೆಂಟು ವರ್ಷ ದಿನಾ ಚಿತ್ರ ಬರೆದವನು’. ಒಂದು ಸಣ್ಣ ಲೆಕ್ಕ ಮಾಡಿ. ನಲವತ್ತೆಂಟು ವರ್ಷ ಅಂದರೆ ಹದಿನೇಳೂವರೆ ಸಾವಿರ ದಿನ. ಅವನು ಬರೆದ ತಾರೀಖಿನ ಚಿತ್ರಗಳು ಹತ್ತಿರ ಹತ್ತಿರ 3000. ಕೆಲವು ದಿನ ಒಂದಕ್ಕಿಂತ ಹೆಚ್ಚು ಬರೆದದ್ದೂ ಉಂಟು. ಅಂದರೆ ಸರಾಸರಿ ಆರು ದಿನಕ್ಕೆ ಒಂದು ಸಲ. ಉಳಿದ ಐದು ದಿನ ಚಿತ್ರ ಇಲ್ಲ. ಒಂದು ದಿನವೂ ತಪ್ಪಿಸದೆ ಬರೆದದ್ದು 1970ರ ಆರಂಭದ ಸುಮಾರು ಮೂರು ತಿಂಗಳು, ಅದನ್ನ ಬೇರೆಯೇ ಒಂದು ಕೃತಿ ಅಂತ ಎಣಿಸ್ತಾರೆ.

ಈ ಲೆಕ್ಕ ಮಾಡಿದ ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕವಾರಾನ ನಿಯಮ ಕಟ್ಟುನಿಟ್ಟು, ಆದರೆ ಆ ಕಟ್ಟುನಿಟ್ಟು ದಿನದ ಒಳಗಡೆ. ಇವತ್ತು ಶುರು ಮಾಡಿದರೆ ಇವತ್ತೇ ಮುಗಿಸು, ಚೆನ್ನಾಗಿ ಮುಗಿಸು, ಇಲ್ಲದಿದ್ದರೆ ನಾಶ ಮಾಡು. ಇವತ್ತು ಶುರುವೇ ಮಾಡದಿದ್ದರೆ? ಅದರ ಬಗ್ಗೆ ನಿಯಮ ಏನೂ ಹೇಳಲ್ಲ. ನಮ್ಮ ಚಾಲೆಂಜುಗಳು ಇದರ ತಿರುವುಮುರುವು. ದಿನದ ಒಳಗೆ ಏನು ಬೇಕಾದರೂ ನಡೆಯುತ್ತೆ, ಎರಡು ಗೆರೆ ಎಳೆದು ಪೋಸ್ಟ್ ಮಾಡಿದರೂ ಲೆಕ್ಕಕ್ಕೆ ಸೇರುತ್ತೆ. ಕಟ್ಟುನಿಟ್ಟೆಲ್ಲ ದಿನ ಮತ್ತು ದಿನದ ನಡುವೆ. ಕವಾರಾ ಚಿತ್ರಕ್ಕೆ ನಿಯಮ ಹಾಕಿಕೊಂಡ. ನಾವು ಹಾಜರಾತಿಗೆ ಹಾಕಿಕೊಂಡಿದ್ದೀವಿ, ಆಫೀಸಿನ ಸ್ವೈಪ್ ಕಾರ್ಡ್ ಥರ.

ಅವನ ಇನ್ನೊಂದು ಕೆಲಸ ಇದೆ, ನೂರು ವರ್ಷದ ಕ್ಯಾಲೆಂಡರ್. ತಾನು ಬದುಕಿದ ಪ್ರತಿ ದಿನಕ್ಕೂ ಅದರಲ್ಲಿ ಒಂದು ಚುಕ್ಕೆ ಇಡ್ತಿದ್ದ. ಚಿತ್ರ ಬರೆದ ದಿನಕ್ಕೆ ಬೇರೆ ಬಣ್ಣದ ಚುಕ್ಕೆ. ಚಿತ್ರ ಇಲ್ಲದ ದಿನವೂ ಅಲ್ಲಿ ಖಾಲಿ ಮನೆಯಲ್ಲ. ಚುಕ್ಕೆ ಇದೆ, ಬಣ್ಣ ಬೇರೆ ಅಷ್ಟೆ. ನನ್ನ ಫೋನಿನ ಆ್ಯಪ್ ಬಿಟ್ಟುಹೋದ ದಿನಕ್ಕೆ ಕೊಡ್ತಿದ್ದದ್ದು ಒಂದು ಬೂದು ಬಣ್ಣದ ತೂತು, ಜೊತೆಗೆ ಅಳುಮುಖದ ಎಮೋಜಿ. ಅಂಥದ್ದನ್ನ ಡಿಸೈನ್ ಮಾಡೋ ಜಾತಿಯವಳೇ ನಾನು, ಯಾಕೆ ಹಾಗೆ ಮಾಡ್ತಾರೆ ಅಂತ ಗೊತ್ತು. ತೂತು ಕಂಡರೆ ಮನುಷ್ಯ ವಾಪಸ್ ಬರ್ತಾನೆ. ಚಿತ್ರ ಬರೆಯೋಕೆ ಅಲ್ಲ, ತೂತು ಮುಚ್ಚೋಕೆ.

ಬೆಳಗ್ಗೆ ಐದಕ್ಕೆ ಎದ್ದರೆ ಜೀವನ ಬದಲಾಗುತ್ತೆ ಅನ್ನೋ ಗೆಳೆಯರು ನಿಮಗೂ ಇರ್ತಾರಲ್ಲ, ಅವರಿಗಾಗಿ ಒಂದು ಮಾತು. ಕವಾರಾ 1968ರಿಂದ 1979ರವರೆಗೆ ದಿನಕ್ಕೆ ಎರಡು ಪೋಸ್ಟ್‌ಕಾರ್ಡ್ ಯಾರಾದರೂ ಇಬ್ಬರಿಗೆ ಕಳಿಸ್ತಿದ್ದ. ಅದರಲ್ಲಿ ತಾನು ಎದ್ದ ಹೊತ್ತನ್ನ ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತಿರ್ತಿದ್ದ. ಮಧ್ಯಾಹ್ನ ಎದ್ದ ದಿನಗಳೂ ಅದರಲ್ಲಿವೆ. ಮುಚ್ಚಿಟ್ಟಿಲ್ಲ, ಕ್ಷಮೆ ಕೇಳಿಲ್ಲ.

ಹಾಗಂತ ಇದನ್ನ ನೆಮ್ಮದಿಯ ಕಲೆ ಅಂತಲೂ ತಿಳಿಯಬೇಡಿ. ಮೊದಲ ವರ್ಷಗಳಲ್ಲಿ ಪ್ರತಿ ಚಿತ್ರಕ್ಕೂ ಒಂದು ಉಪಶೀರ್ಷಿಕೆ ಬರೆದಿಡ್ತಿದ್ದ. 1966ರ ಒಂದು ಉಪಶೀರ್ಷಿಕೆಯಲ್ಲಿ, ತನ್ನದೇ ಈ ‘ಇವತ್ತಿನ’ ಚಿತ್ರಗಳನ್ನ ಕಂಡರೆ ತನಗೆ ಭಯ ಅಂತ ಹೇಳಿಕೊಂಡಿದ್ದಾನೆ. ಮುಂದೆ ಆ ಮಾತುಗಳೆಲ್ಲ ನಿಂತು ವಾರದ ಹೆಸರು ಮಾತ್ರ ಉಳೀತು. ನಂಗೆ ಈ ಭಯ ತುಂಬ ಮುಖ್ಯ ಅನ್ಸುತ್ತೆ. ದಿನಾ ಸಣ್ಣ ಕಲೆ ಮಾಡಿ ಮನಸ್ಸು ಹಗುರ ಮಾಡಿಕೊಳ್ಳಿ ಅಂತ ಮಾರೋ ಪುಸ್ತಕಗಳು ಈ ಭಯವನ್ನ ಯಾವತ್ತೂ ಹೇಳಲ್ಲ. ಇವತ್ತು ಅಂತ ಬರೆದು ಎತ್ತಿಟ್ಟರೆ, ಇವತ್ತು ಒಂದು ಕಡಿಮೆ ಆಯ್ತು ಅಂತಲೂ ಬರೆದ ಹಾಗೆ. ಐಸಿಯು ಹೊರಗೆ ಕೂತು ನಾನು ತಪ್ಪಿಸಿಕೊಂಡದ್ದು ಇದನ್ನೇ. ತಾರೀಖಿನ ಬದಲು ಸಂಖ್ಯೆ ಹಾಕಿದೆ: 46/100. ಸಂಖ್ಯೆಗೆ ಸಾವು ಗೊತ್ತಿಲ್ಲ, ತಾರೀಖಿಗೆ ಗೊತ್ತು.

ಈಗ ಸರಪಳಿಯ ವಿಷಯ. ಗೋಡೆ ಕ್ಯಾಲೆಂಡರಿನಲ್ಲಿ ದಿನಾ ಒಂದು ಕೆಂಪು ಗುಣಾಕಾರದ ಗುರುತು ಹಾಕ್ತಾ ಹೋಗಿ, ಸರಪಳಿ ಮುರಿಯಬೇಡಿ ಅನ್ನೋ ಉಪದೇಶವನ್ನ ಎಲ್ಲರೂ ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್‌ನ ಹೆಸರಲ್ಲಿ ಹೇಳ್ತಾರೆ. ಅದು ನನ್ನದಲ್ಲ ಅಂತ 2014ರಲ್ಲಿ ಸೈನ್‌ಫೆಲ್ಡೇ ಹೇಳಿದ. ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ, ಈಗಲೂ ಅವನ ಹೆಸರಲ್ಲೇ ಓಡ್ತಿದೆ.

ಸರಪಳಿಯನ್ನ ಕೊನೆಯವರೆಗೂ ಎಳೆದವನ ಹೆಸರು ಮೈಕ್ ವಿಂಕಲ್‌ಮನ್, ‘ಬೀಪಲ್’ ಅಂತ ಪ್ರಸಿದ್ಧ. 2007ರ ಮೇ 1ರಿಂದ ದಿನಕ್ಕೊಂದು ಚಿತ್ರ, ಒಂದು ದಿನವೂ ಬಿಡದೆ. ಮೊದಲ 5000 ಚಿತ್ರಗಳನ್ನ ಒಂದೇ ಚೌಕದಲ್ಲಿ ಜೋಡಿಸಿದ ಡಿಜಿಟಲ್ ಕೃತಿ 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಹೋಯ್ತು. ಆಗ ನಮ್ಮ ಆಫೀಸಿನ ಡಿಸೈನ್ ಗ್ರೂಪಿನಲ್ಲಿ ಎರಡು ದಿನ ಬೇರೆ ಮಾತೇ ಇಲ್ಲ. ನ್ಯಾಯವಾಗಿ ಹೇಳಬೇಕಂದರೆ, ಆ ಮನುಷ್ಯ ನಿಜವಾಗಿ ಕಲಿತಿದ್ದಾನೆ. ಶುರುವಿನ ಒರಟು ಪೆನ್ ಚಿತ್ರಗಳಿಂದ ಆಮೇಲಿನ ತ್ರೀಡಿ ದೃಶ್ಯಗಳವರೆಗೆ ಕೈ ಬೆಳೆದಿರೋದು ಯಾರಿಗಾದರೂ ಕಾಣುತ್ತೆ. ಕೈಚಳಕ ಬೇಕು ಅನ್ನೋರಿಗೆ ಸರಪಳಿ ಕೆಲಸ ಮಾಡುತ್ತೆ, ಇದನ್ನ ನಾನು ಅಲ್ಲಗಳೆಯಲ್ಲ.

ಆದರೆ ಆ 5000ದಲ್ಲಿ ಒಂದನ್ನ ತೆಗೆದು ನಿಮ್ಮ ಮನೆ ಗೋಡೆಗೆ ಹಾಕಿ ಅಂದರೆ ಯಾವುದನ್ನ ಆರಿಸ್ತೀರಿ? ನಾನು ಒಂದು ಸಂಜೆ ಪೂರ್ತಿ ಅದನ್ನ ದೊಡ್ಡದು ಮಾಡಿ ಮಾಡಿ ನೋಡಿದೆ. ಆವತ್ತಿನ ಸುದ್ದಿಗೆ ಆವತ್ತೇ ಒಂದು ಅಸಹ್ಯದ ಜೋಕು, ದೈತ್ಯಾಕಾರದ ರಾಜಕಾರಣಿ, ಕಾರ್ಟೂನ್ ಪಾತ್ರದ ಕೊಳೆತ ದೇಹ. ಹಳೆಯವುಗಳಲ್ಲಿ ಹೆಂಗಸರ ಬಗ್ಗೆ, ಜನಾಂಗದ ಬಗ್ಗೆ ಇರೋ ಕೀಳು ತಮಾಷೆಯನ್ನ ವಿಮರ್ಶಕರು ಆಗಲೇ ಎತ್ತಿ ತೋರಿಸಿದ್ದರು. ಮುಖ್ಯ ತಕರಾರು ಅದೂ ಅಲ್ಲ. ಯಾವ ಚಿತ್ರವೂ ತನ್ನ ದಿನವನ್ನ ನೋಡಿದ ಹಾಗೆ ಕಾಣಲ್ಲ, ದಿನ ಮುಗಿಯೋದರೊಳಗೆ ಏನಾದರೂ ತುಂಬಿಸಿದ ಹಾಗೆ ಕಾಣುತ್ತೆ. ಹರಾಜಾದದ್ದು ಚಿತ್ರ ಅಲ್ಲ, 5000 ಅನ್ನೋ ಅಂಕಿ. ಕವಾರಾನ ಒಂದೇ ಒಂದು ತಾರೀಖನ್ನ ಬಿಡಿಯಾಗಿ ತೂಗುಹಾಕಿದರೂ ಸಾಕಾಗುತ್ತೆ. 1997ರ ಜನವರಿ ಮೊದಲ ವಾರದ ಏಳು ಚಿತ್ರಗಳನ್ನ ಅವನು ಬೇರೆ ಬೇರೆ ದೇಶಗಳ ಶಿಶುವಿಹಾರಗಳಿಗೆ ಕಳಿಸಿದ. ಮಕ್ಕಳಿಗೆ ಯಾವ ವಿವರಣೆಯೂ ಇಲ್ಲದೆ ತರಗತಿಯ ಗೋಡೆಗೆ ಹಾಕಿದ್ದರು. ಅಕ್ಷರ, ಅಂಕಿ ಆಗಷ್ಟೇ ಕಲೀತಿರೋ ಮಗುವಿಗೆ ಅದು ಓದೋಕೆ ಸಿಗೋ ಒಂದು ದಿನ. ಬೀಪಲ್‌ನ ಯಾವ ದಿನವನ್ನ ಹೀಗೆ ಬಿಡಿಯಾಗಿ ಕಳಿಸಬಹುದು?

ಇನ್ನೊಬ್ಬ ಜಪಾನಿಯ ಹತ್ತಿರ ಹೋಗ್ತೀನಿ, ನೂರಿಪ್ಪತ್ತು ವರ್ಷ ಹಿಂದಕ್ಕೆ. ಕವಾರಾ ನಿಯಮದ ಮನುಷ್ಯ, ಸ್ವಲ್ಪ ತಣ್ಣಗಿನವನು. ಹೊಕುಸಾಯ್ ಹಾಗಲ್ಲ. ದೊಡ್ಡ ಅಲೆಯ ಚಿತ್ರ ನಿಮಗೆಲ್ಲ ಗೊತ್ತು, ಕಾಫಿ ಮಗ್ಗಿನಿಂದ ಮೊಬೈಲ್ ಕವರಿನವರೆಗೆ ಎಲ್ಲದರ ಮೇಲೂ ಇದೆ. ಅದನ್ನ ಮಾಡಿದ ಹತ್ತು ವರ್ಷದ ನಂತರದ ಹೊಕುಸಾಯ್ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1839ರಲ್ಲಿ ಬೆಂಕಿ ಬಿದ್ದು ಅವನ ಕೆಲಸವೆಲ್ಲ ಸುಟ್ಟುಹೋಗಿತ್ತು. ವಯಸ್ಸು ಎಂಬತ್ತು ದಾಟಿತ್ತು. ದಾರಿ ತಪ್ಪಿದ ಮೊಮ್ಮಗನ ಸಾಲದ ಕಾಟ ಬೇರೆ ಇತ್ತು ಅಂತಾರೆ. 1842ರ ಕೊನೆಯಲ್ಲಿ ಅವನು ಬೆಳಗ್ಗೆ ಎದ್ದು ಒಂದು ಸಿಂಹ ಬರೆಯೋಕೆ ಶುರು ಮಾಡಿದ. ಮಸಿ, ಕುಂಚ, ಒಂದು ಕಾಗದ, ಒಂದು ಸಿಂಹ, ಪಕ್ಕದಲ್ಲಿ ತಾರೀಖು. ಸುಮಾರು ಒಂದು ವರ್ಷ. ‘ನಿಶ್ಶಿನ್ ಜೋಮಾ’ ಅಂತ ಅದರ ಹೆಸರು. ದಿನದಿನವೂ ಪೀಡೆ ಓಡಿಸೋದು ಅಂತ ಅರ್ಥ ಬರುತ್ತೆ. ನಮ್ಮಲ್ಲಿ ದೃಷ್ಟಿ ತೆಗೆಯೋದು ಅಂತೀವಲ್ಲ, ಹಾಗೆ.

ಆ ಸಿಂಹಗಳು ನಮ್ಮ ಹೊಯ್ಸಳ ಗುಡಿಗಳ ಸಿಂಹದಷ್ಟು ಗಂಭೀರದವಲ್ಲ. ಒಂದು ಕುಣೀತಿರುತ್ತೆ, ಇನ್ನೊಂದು ಉರುಳಾಡ್ತಿರುತ್ತೆ, ಇನ್ನೊಂದು ನೋಡಿದರೆ ಸಿಂಹವೇ ಅಲ್ಲ, ಸಿಂಹದ ಮುಖವಾಡ ಹಾಕಿದ ಮನುಷ್ಯ. ಸರಸರ ಓಡಿದ ಗೆರೆ. ಒಂದು ತಪ್ಪು ಅಂತ ಕಂಡರೂ ತಿದ್ದೋಕೆ ನಿಂತಿಲ್ಲ. ಬರೆದಾದ ಮೇಲೆ ಮುದುರಿ ಹೊರಗೆ ಎಸೀತಿದ್ದ, ಮಗಳು ಓಯಿ ಆರಿಸಿ ತಂದು ಇಟ್ಟಳು ಅಂತ ಒಂದು ಕಥೆ ಇದೆ. ಅವಳೂ ಕಲಾವಿದೆ. ಆ ಹಾಳೆಗಳಲ್ಲಿ 219 ಈಗ ಜಪಾನಿನ ಕ್ಯುಶು ರಾಷ್ಟ್ರೀಯ ಮ್ಯೂಸಿಯಂನಲ್ಲಿವೆ. ಎಸೆದದ್ದು ನಿಜವೋ ಕಥೆಯೋ, ಚಿತ್ರ ನೋಡಿದರೆ ನಂಬಿಕೆ ಬರುತ್ತೆ. ಇಟ್ಟುಕೊಳ್ಳೋಕೆ ಬರೆದ ಗೆರೆ ಹಾಗಿರಲ್ಲ.

ನನ್ನ ಮೊದಲ ಮೂವತ್ತು ದಿನ ಯಾಕೆ ಚೆನ್ನಾಗಿತ್ತು ಅಂತ ನಂಗೆ ಈ ಸಿಂಹಗಳನ್ನ ನೋಡಿದಾಗಲೇ ಅರ್ಥ ಆಗಿದ್ದು. ಆಗ ನಾನೂ ಎಸೀತಿದ್ದೆ. ಪೋಸ್ಟ್ ಮಾಡೋದೂ ಒಂದು ಥರ ಎಸೆಯೋದೇ ಆಗಿತ್ತು, ಯಾರೂ ನೋಡ್ತಿರಲಿಲ್ಲ. ಜನ ನೋಡೋಕೆ ಶುರು ಮಾಡಿದ ಮೇಲೆ ಪ್ರತಿ ಚಿತ್ರವೂ ಮುಂದಿನದಕ್ಕೆ ಸಾಲದ ಪತ್ರ ಆಯ್ತು.

‘ಹಾಗಾದರೆ ಡೆಡ್‌ಲೈನೇ ಬೇಡವಾ, ಶಿಸ್ತೇ ಬೇಡವಾ’ ಅಂತ ಕೇಳ್ತೀರಿ. ಆರ್.ಕೆ. ಲಕ್ಷ್ಮಣ್ ಅವರನ್ನ ನೋಡಿ. ಮೈಸೂರಿನ ಹುಡುಗ, ಕನ್ನಡದ ‘ಕೊರವಂಜಿ’ಗೆ ಚಿತ್ರ ಬರೆದವರು, 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ‘ಯು ಸೆಡ್ ಇಟ್’ ಪಾಕೆಟ್ ಕಾರ್ಟೂನ್. ಐದು ದಶಕ ದಾಟಿ ನಡೆದದ್ದು. ಅದು ಸಂಬಳದ ಕೆಲಸ, ಪೇಪರಿನ ಡೆಡ್‌ಲೈನ್. ಅದರಲ್ಲಿ ಶಿಸ್ತು ಇತ್ತು, ದೊಡ್ಡ ಕಲೆಯೂ ಇತ್ತು. ಆದರೆ ಅದರ ಜೊತೆಗೇ ಅವರು ಜೀವನವಿಡೀ ಕಾಗೆಗಳನ್ನ ಬರೆದರು. ಯಾರೂ ಕೇಳದ ಕಾಗೆ, ಕೆಳಗೆ ಡೈಲಾಗ್ ಇಲ್ಲದ ಕಾಗೆ, ಮಳೆಯಲ್ಲಿ ನೆನೆದ ಕಾಗೆ. ಕಾರ್ಟೂನಿನಲ್ಲಿ ಕೋಟು ಹಾಕಿದ ಸಾಮಾನ್ಯ ಮನುಷ್ಯ ಪ್ರತಿದಿನ ಹಾಜರಿರಬೇಕು, ಕಾಗೆ ಬಂದಾಗ ಬರುತ್ತೆ. ದಿನವಿಡೀ ಬೇರೆಯವರಿಗಾಗಿ ಗೆರೆ ಎಳೆಯೋ ನಮ್ಮಂಥವರು ಕಾಗೆಯನ್ನೂ ತೆಗೆದುಕೊಂಡು ಹೋಗಿ ಕಾರ್ಟೂನಿನ ಹಾಜರಾತಿ ಪುಸ್ತಕಕ್ಕೆ ಸೇರಿಸ್ತೀವಿ. ಆಮೇಲೆ ಕಾಗೆ ಬರ್ತಿಲ್ಲ ಅಂತ ಬೇಜಾರು ಮಾಡಿಕೊಳ್ತೀವಿ.

ಈ ಎಲ್ಲದಕ್ಕಿಂತ ಮೊದಲೇ ನಾನು ನೋಡಬೇಕಾಗಿದ್ದ ಒಂದು ಕೆಲಸ ನಮ್ಮನೆ ಬಾಗಿಲಲ್ಲೇ ಇತ್ತು. ರಂಗೋಲಿ ಅಂದ ತಕ್ಷಣ ‘ಅಯ್ಯೋ ನಮ್ಮ ಅಜ್ಜಿಯರೇ ನಿಜವಾದ ಕಲಾವಿದರು’ ಅನ್ನೋ ಲೇಖನಗಳು ಬರ್ತವಲ್ಲ, ನಂಗೆ ಆಗಿಬರಲ್ಲ ಅವು. ಅಮ್ಮನಿಗೆ ಅದು ಮೊದಲು ಕೆಲಸ. ಗುಡಿಸು, ನೀರು ಹಾಕು, ರಂಗೋಲಿ ಬಿಡು, ಹಾಲು ಕಾಯಿಸು. ಸೊಂಟ ನೋವಿದ್ದರೂ ಬಗ್ಗಬೇಕು. ಯಾವ ದಿನ ಯಾವ ಹೆಂಗಸು ಮುಟ್ಟಬಾರದು ಅನ್ನೋ ನಿಯಮಗಳನ್ನಂತೂ ನಾನು ಸಮರ್ಥಿಸಲ್ಲ. ಧನುರ್ಮಾಸದಲ್ಲಿ ಹದಿನೈದು ಚುಕ್ಕಿಯದ್ದು, ಉಳಿದ ದಿನ ನಾಲ್ಕು ಚುಕ್ಕಿಯದ್ದು, ಕೈ ತನ್ನಷ್ಟಕ್ಕೆ ಎಳೆಯುತ್ತೆ, ಕಣ್ಣು ಹಾಲಿನವನ ಮೇಲಿರುತ್ತೆ.

ಆದರೂ ಒಂದು ವಿಷಯ. ರಂಗೋಲಿ ಇಲ್ಲದ ಬಾಗಿಲನ್ನ ನಮ್ಮ ಬೀದಿ ಓದುತ್ತೆ. ಅಪ್ಪ ಹೋದಾಗ ಹನ್ನೊಂದನೇ ದಿನದ ತಿಥಿ ಮುಗಿಯೋವರೆಗೂ ನಮ್ಮ ಬಾಗಿಲ ಮುಂದೆ ಬರೀ ನೆಲ. ಹೂವಿನವಳು ಆ ನೆಲ ನೋಡೇ ಕೂಗದೆ ಮುಂದೆ ಹೋದಳು. ಪೇಪರ್ ಹುಡುಗ ಪೇಪರನ್ನ ಎಸೆಯದೆ, ಗೇಟು ತೆಗೆದು ಒಳಗೆ ಬಂದು ಜಗುಲಿ ಮೇಲೆ ಇಟ್ಟು ಹೋದ. ಆ ಹನ್ನೊಂದು ದಿನ ರಂಗೋಲಿ ನಿಂತಿತ್ತು ಅನ್ನೋದಕ್ಕಿಂತ, ಆ ಹನ್ನೊಂದು ದಿನದ ರಂಗೋಲಿ ಹಾಗಿತ್ತು ಅಂತ ಹೇಳಬೇಕು. ಕವಾರಾನ ಕ್ಯಾಲೆಂಡರಿನ ಆ ಬೇರೆ ಬಣ್ಣದ ಚುಕ್ಕೆ ಇದೇ ಅಂತ ನಂಗೆ ಹೊಳೆದದ್ದು ಆಮೇಲೆ, ಬೆಂಗಳೂರಿಗೆ ಬಂದು ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಬಾಗಿಲು ಬಾಗಿಲಿಗೂ ಅಂಟಿಸಿರೋ ಸ್ಟಿಕ್ಕರ್ ರಂಗೋಲಿ ನೋಡಿದಾಗ. ಆ ಮನೆಗಳಲ್ಲಿ ಏನಾದರೂ ಸ್ಟಿಕ್ಕರ್ ಮಾತ್ರ ನಗ್ತಾನೇ ಇರುತ್ತೆ.

ಹನ್ನೆರಡನೇ ದಿನ ಬೆಳಗ್ಗೆ ಅಮ್ಮ ತಾನೇ ಎದ್ದು ನೀರು ಹಾಕಿದಳು. ನೆಂಟರಲ್ಲಿ ಯಾರೋ ‘ಇಷ್ಟು ಬೇಗ ಅವಳೇ ಯಾಕೆ’ ಅಂತ ಗೊಣಗಿದ್ದು ಕೇಳಿಸ್ತು. ಅಮ್ಮನಿಗೂ ಕೇಳಿಸಿರಬೇಕು. ಕೂತಳು, ನಾಲ್ಕು ಚುಕ್ಕಿ ಇಟ್ಟಳು, ಸ್ವಲ್ಪ ಹೊತ್ತು ಹಾಗೇ ನೋಡ್ತಾ ಇದ್ದಳು, ಆಮೇಲೆ ಗೆರೆ ಸುತ್ತಿದಳು. ಒಂದು ಕಡೆ ಗೆರೆ ದಪ್ಪ ಆಗಿತ್ತು. ಅಮ್ಮ ಅದನ್ನ ಒರೆಸಿ ಸರಿ ಮಾಡಲಿಲ್ಲ. ಒಳಗೆ ಹೋಗಿ ಹಾಲು ಇಟ್ಟಳು.

ನಾನು ಮತ್ತೆ ಶುರು ಮಾಡಿ ಈಗ ವರ್ಷದ ಮೇಲಾಯ್ತು. ಅದೇ ಅಳತೆಯ ಕಾರ್ಡು, ಅದೇ ಬಾಲ್ ಪೆನ್. ಬೆಳಗ್ಗೆ ಲ್ಯಾಪ್‌ಟಾಪ್ ತೆಗೆಯೋ ಮೊದಲು. ಹಿಂದುಗಡೆ ತಾರೀಖು ಹಾಕ್ತೀನಿ, ಸಂಖ್ಯೆ ಹಾಕಲ್ಲ. ಶುರು ಮಾಡಿದ್ದನ್ನ ಆವತ್ತೇ ಮುಗಿಸ್ತೀನಿ, ಆಗಲಿಲ್ಲ ಅಂದರೆ ಹರಿದು ಹಾಕ್ತೀನಿ. ಹರಿಯೋದು ಮೊದಮೊದಲು ಕಷ್ಟ ಆಗ್ತಿತ್ತು. ಪೋಸ್ಟ್ ಮಾಡಲ್ಲ, ಒಂದು ಬಿಸ್ಕತ್ ಡಬ್ಬಿಯಲ್ಲಿ ಇದ್ದಾವೆ. ವಾರಕ್ಕೆ ಎರಡು, ಕೆಲವು ವಾರ ನಾಲ್ಕು, ಆಫೀಸಿನಲ್ಲಿ ರಿಲೀಸ್ ಇರೋ ವಾರ ಒಂದೂ ಇಲ್ಲ. ದೊಡ್ಡದೇನೂ ಆಗಿಲ್ಲ ಇದರಿಂದ, ಸೀರೀಸೂ ಆಗಿಲ್ಲ. ‘ಏನಾಗಬೇಕು’ ಅನ್ನೋ ದನಿ ಈಗಲೂ ಬರುತ್ತೆ. ಮೊದಲಿನ ಹಾಗೆ ನನಗಿಂತ ಮುಂಚೆ ಬಂದು ಕೂತಿರಲ್ಲ ಅಷ್ಟೆ. ನಾನು ಎರಡು ಗೆರೆ ಎಳೆದ ಮೇಲೆ ಬರುತ್ತೆ.

ಮೊನ್ನೆ ಭಾನುವಾರ ಅಮ್ಮನ ಫೋನ್ ಬಂತು.

“ಏನ್ ಬರ್ದೆ ಇವತ್ತು?”

“ಏನೂ ಇಲ್ಲಮ್ಮ. ಮೂರು ದಿನ ಆಯ್ತು.”

“ಹೂಂ. ನಾನೂ ಹಾಕಿಲ್ಲ ಕಣೇ ಇವತ್ತು, ಮಂಡಿ ಹಿಡ್ಕೊಂಡಿತ್ತು. ಎದುರುಮನೆ ಜಯಕ್ಕ ಬಾಗಿಲು ನೋಡಿ ಓಡಿಬಂದ್ಲು, ಏನಾಯ್ತು ಏನಾಯ್ತು ಅಂತ. ಕಾಫಿ ಕುಡ್ಕೊಂಡು ಈಗ ಹೋದ್ಲು ನೋಡು.”